ಜೇಬಿನಲ್ಲಿ ಬ್ರಷ್ ಇಟ್ಟುಕೊಂಡು ಊಟಕ್ಕೆ ಬರುವ ಕಾಕಾ

ನಮ್ಮ ಕಾಕಾ ನಿಮ್ಮ ಮನೆಗೆ ಊಟಕ್ಕೆ ಬರುತ್ತಾರೆ ಅಂತ ಗೊತ್ತಾದರೆ, ಹೋಳಿಗೆಗೆ ಬೇಳೆ ಆಮೇಲೆ ಬೇಯಿಸಿಕೊಳ್ಳಿ. ಮೊದಲು ಅವರು ನಿಮಗೆ ಉಡುಗೊರೆ ಕೊಟ್ಟ ಚಿತ್ರವನ್ನು ಗೋಡೆಯಿಂದ ಇಳಿಸಿ ಬೇಸ್‌ಮೆಂಟಿನಲ್ಲಿ ಬಚ್ಚಿಡಿ. ಬೀಗವಿದ್ದರೆ ಬೀಗ ಹಾಕಿ, ಕೀಲಿಯನ್ನು ಅಕ್ಕಿ ಡಬ್ಬಿಯೊಳಗೆ ಹೂತಿಡಿ. ಉತ್ಪ್ರೇಕ್ಷೆ ಅಂದುಕೊಂಡಿರಾ? ಬಂದು ನನ್ನ ಸೋಫಾ ನೋಡಿ!

ಕಾಕಾ ಅಂದರೆ ನಮ್ಮ ಯಜಮಾನರ ಚಿಕ್ಕಪ್ಪ. ನಾನು ಮೈಸೂರಿನವಳು, ಸೇರಿದ್ದು ಗದಗಿನವರ ಮನೆ. ಹಾಗಾಗಿ ಚಿಕ್ಕಪ್ಪ ಕಾಕಾ ಆದರು, ಚಿಕ್ಕಮ್ಮ ಕಾಕು ಆದರು. ಕಾಕಾಗೆ ಎಪ್ಪತ್ತೆಂಟು ದಾಟಿದೆ. ತಲೆಗೂದಲು ಪೂರ್ತಿ ಬೆಳ್ಳಗಾಗಿದ್ದರೂ ಯಾವ ದಿನ ನೋಡಿದರೂ ಅದರಲ್ಲಿ ಎಲ್ಲೋ ಒಂದು ಕಡೆ ಹಸಿರೋ ಕೆಂಪೋ ಮೆತ್ತಿಕೊಂಡಿರುತ್ತದೆ. ಯಾಕೆಂದರೆ ಅವರು ಚಿತ್ರಕಾರರು. ಅದರಲ್ಲೂ ಅಬ್‌ಸ್ಟ್ರ್ಯಾಕ್ಟ್ ಎಕ್ಸ್‌ಪ್ರೆಷನಿಸ್ಟ್! ಈ ಪದವನ್ನು ನಾಲಿಗೆ ತೊಡರದೆ ಹೇಳಲು ಕಲಿಯುವ ಹೊತ್ತಿಗೆ ನನಗೆ ಮದುವೆಯಾಗಿ ಎಷ್ಟೋ ವರ್ಷವಾಗಿತ್ತು. ಅರ್ಥವೇನು ಅಂದಿರಾ? ಚಿತ್ರದಲ್ಲಿ ಮರ ಇರುವುದಿಲ್ಲ, ಮನೆ ಇರುವುದಿಲ್ಲ, ಮನುಷ್ಯ ಇರುವುದಿಲ್ಲ. ಬಣ್ಣ ಇರುತ್ತದೆ, ಅದನ್ನು ಬಳಿದವನ ಆ ಹೊತ್ತಿನ ಮನಸ್ಸು ಇರುತ್ತದೆ. ನನಗೆ ತಿಳಿದದ್ದು ಇಷ್ಟೇ, ಹೆಚ್ಚಿಗೆ ಕೇಳಬೇಡಿ.

ನಾವು ಇಲ್ಲಿ ಅಮೆರಿಕದ ಮಿಶಿಗನ್ನಿನ ನಾರ್ತ್‌ವಿಲ್‌ನಲ್ಲಿ ಮನೆ ಕೊಂಡಾಗ ಗೃಹಪ್ರವೇಶಕ್ಕೆ ಎಲ್ಲರೂ ಗಿಫ್ಟ್ ಕಾರ್ಡ್ ತಂದರೆ ಕಾಕಾ ಬಾಗಿಲಿನಷ್ಟು ದೊಡ್ಡ ಚಿತ್ರ ತಂದರು. ನೀಲಿ, ಅದರ ಮೇಲೆ ಕಪ್ಪು, ಅದರ ಮೇಲೆ ಮತ್ತೆ ನೀಲಿ. ಪೂಜೆಗೆ ಬಂದಿದ್ದ ಭಟ್ಟರು ಅದನ್ನು ತುಂಬಾ ಹೊತ್ತು ನೋಡಿ, "ಎಲ್ಲಿ ಬೇಕಾದ್ರೂ ಹಾಕ್ಕೊಳಿ, ಈಶಾನ್ಯಕ್ಕೆ ಮಾತ್ರ ಬೇಡ" ಅಂದರು. ನಾವು ಹಾಲಿನಲ್ಲಿ ಸೋಫಾದ ಮೇಲ್ಗಡೆ ಹಾಕಿದೆವು. ಒಂದು ತಿಂಗಳ ನಂತರ ಕಾಕಾ ಊಟಕ್ಕೆ ಬಂದರು. ಚೆನ್ನಾಗಿಯೇ ಉಂಡರು, ಕೈ ತೊಳೆದರು, ಮಾಯವಾದರು. ಮಜ್ಜಿಗೆ ಹಿಡಿದುಕೊಂಡು ಹುಡುಕುತ್ತಾ ಹೋದರೆ, ಸೋಫಾದ ಮೇಲೆ ನಿಂತಿದ್ದಾರೆ! ಅಂಗಿ ಜೇಬಿನಲ್ಲಿದ್ದ ಬ್ರಷ್ ಕೈಯಲ್ಲಿದೆ, ಬಣ್ಣದ ಟ್ಯೂಬು ಹಲ್ಲಿನಲ್ಲಿದೆ.

"ಕಾಕಾ! ಏನ್ ಮಾಡ್ತಿದ್ದೀರಾ!"

"ಏನಿಲ್ಲವಾ ಮೈಸೂರವ್ವ. ಈ ಮೂಲ್ಯಾಗಿನ ನೀಲಿ ಭಾಳ ಒದರಾಕತ್ತಿತ್ತು. ಸುಮ್ನ ಕುಂಡ್ರಿಸಿದೆ."

"ಇದು ನಮಗೆ ಕೊಟ್ಟಾಗಿದೆ ಅಲ್ವಾ ಕಾಕಾ?"

"ಕೊಟ್ಟೇನಿ ಅಂದ್ರ ಮುಗದೈತಿ ಅಂತೇನಲ್ಲ. ಮಗಳನ್ನ ಕೊಟ್ಟ ಮನಿಗೆ ತವರಮನಿಯವರು ಹೋಗಿ ನೋಡಿ ಬರೂದಿಲ್ಲೇನು?"

ನೋಡಿ ಬರಲಿ, ಬೇಡ ಅಂದವರು ಯಾರು? ಆದರೆ ಬಂದಾಗಲೆಲ್ಲ ಮಗಳ ಬಣ್ಣವನ್ನೇ ಬದಲಾಯಿಸಿ ಹೋಗುವ ತವರನ್ನು ನೀವು ಎಲ್ಲಾದರೂ ಕಂಡಿದ್ದೀರಾ? ಆ ಸಂಜೆ ಸೋಫಾದ ಮೇಲೆ ಬಿದ್ದ ಕಪ್ಪು ಕಲೆಯನ್ನು ಮೂರು ಬಗೆಯ ಕ್ಲೀನರ್ ಹಾಕಿ ತಿಕ್ಕಿದೆ. ಈಗ ಅಲ್ಲೊಂದು ದಿಂಬು ಇಟ್ಟಿದ್ದೇನೆ.

ನನ್ನದೇ ಹೀಗಾದರೆ ವೆಸ್ಟ್ ಬ್ಲೂಮ್‌ಫೀಲ್ಡಿನ ಹೃದಯದ ಡಾಕ್ಟರ ಮನೆಯ ಪಾಡು ಕೇಳಿ. ಅವರ ಮನೆಯಲ್ಲಿ ಕಾಕಾನ ಎರಡು ಚಿತ್ರಗಳಿವೆ. ಊಟದ ಕೋಣೆಯಲ್ಲಿ ಹಳೆಯದೊಂದು, ಹಾಲಿನಲ್ಲಿ ಹೊಸದೊಂದು. ಡಾಕ್ಟರ ಹೆಂಡತಿ ಹೊಸ ಚಿತ್ರದ ಕಿತ್ತಳೆ ಬಣ್ಣಕ್ಕೆ ಹೊಂದುವ ಪರದೆಗಳನ್ನು ಹುಡುಕಿ ಹುಡುಕಿ ತಂದಿದ್ದರು. ಕಾಕಾ ಬಿಪಿ ತೋರಿಸುವ ನೆಪ ಮಾಡಿಕೊಂಡು ಹೋದರು, ಕಿತ್ತಳೆ ಕಂದಾಯಿತು. ಪಾಪ, ಆಕೆ ಕಂದು ಪರದೆ ತಂದರು. ಕಾಕಾ ಕೆಮ್ಮಿನ ನೆಪದಲ್ಲಿ ಹೋದರು, ಕಂದು ಬೂದಾಯಿತು. ಕೊನೆಗೆ ಡಾಕ್ಟರೇ ಕೈಮುಗಿದರು. "ಅಂಕಲ್, ನನ್ನ ಹಾರ್ಟ್ ಪೇಶಂಟ್‌ಗಳೂ ಇಷ್ಟು ಸಲ ಫಾಲೋ-ಅಪ್‌ಗೆ ಬರಲ್ಲ!"

ವಿಚಿತ್ರ ಅಂದರೆ, ಊಟದ ಕೋಣೆಯಲ್ಲಿದ್ದ ಹಳೆಯ ಚಿತ್ರವನ್ನು ಕಾಕಾ ಒಂದು ಸಲವೂ ಮುಟ್ಟಲಿಲ್ಲ. ಅದರ ಪಕ್ಕದಲ್ಲೇ ಕೂತು ಚಹಾ ಕುಡಿದು, ಸೀದಾ ಹಾಲಿಗೆ ಹೋಗುತ್ತಿದ್ದರಂತೆ. ಯಾಕೆ ಅಂತ ನಮಗೆ ಯಾರಿಗೂ ಆಗ ಹೊಳೆಯಲಿಲ್ಲ.

ಇನ್ನು ಈ ಮನುಷ್ಯ ಅಮೆರಿಕಕ್ಕೆ ಬಂದ ಕಥೆ. ಗದಗಿನಲ್ಲಿ ಕಾಕಾ ಬರೆಯದ್ದೇ ಇಲ್ಲ. ಅಂಗಡಿಯ ಬೋರ್ಡು, ಲಾರಿಯ ಹಿಂದಿನ ಗುಲಾಬಿ, ಮದುವೆ ಮನೆಯ ಗೋಡೆಯ ಆನೆ, ತೀರಿಕೊಂಡ ಸಾಹುಕಾರರ ಭಾವಚಿತ್ರ. ಭಾವಚಿತ್ರಕ್ಕಂತೂ ಸುತ್ತಲಿನ ಊರುಗಳಿಂದ ಕರೆ ಬರುತ್ತಿತ್ತಂತೆ, ಯಾಕೆಂದರೆ ಕಾಕಾ ಸತ್ತವರ ಮೂಗನ್ನು ಸ್ವಲ್ಪ ತಿದ್ದಿ ನೆಟ್ಟಗೆ ಮಾಡಿಕೊಡುತ್ತಿದ್ದರು. ಹೀಗಿದ್ದವರಿಗೆ ಸ್ಕಾಲರ್‌ಷಿಪ್ ಸಿಕ್ಕಿ ಶಿಕಾಗೋದ ಒಂದು ಕಲಾಶಾಲೆಗೆ ಬಂದರು. ಬಂದ ಮೊದಲ ವಾರವೇ ಮ್ಯೂಸಿಯಂ ನೋಡಲು ಹೋಗಿ, ಗೋಡೆಯಗಲದ ಒಂದು ಚಿತ್ರದ ಎದುರು ಕೂತವರು ಏಳಲೇ ಇಲ್ಲ. ಕಣ್ಣಿಲ್ಲ, ಮೂಗಿಲ್ಲ, ಆಕಾಶವಿಲ್ಲ, ನೆಲವಿಲ್ಲ, ಬರೀ ಬಣ್ಣ. ಬಾಗಿಲು ಹಾಕುವ ಹೊತ್ತಿಗೆ ಗಾರ್ಡ್ ಬಂದು ಎಬ್ಬಿಸಬೇಕಾಯಿತು.

"ನಾ ಹುಟ್ಟಿದ್ದು ಮಂದಿ ಮೂಗು ನೆಟ್ಟಗ ಮಾಡಾಕಲ್ಲ ಅಂತ ಅವತ್ತ ತಿಳೀತು ನೋಡವಾ" ಅನ್ನುತ್ತಾರೆ. ಅಂದಿನಿಂದ ಇಂದಿನವರೆಗೆ ಕಾಕಾ ಒಂದೇ ಒಂದು ಮೂಗು ಬರೆದಿಲ್ಲ.

ಶಿಕಾಗೋದಲ್ಲಿ ಅವರ ಬಾಡಿಗೆ ಕೋಣೆಯ ಕಿಟಕಿಗೆ ತಾಗುವಷ್ಟು ಹತ್ತಿರದಲ್ಲಿ ಮೇಲ್ಸೇತುವೆಯ ರೈಲು ಓಡುತ್ತಿತ್ತು. ರೈಲು ಬಂದಾಗಲೆಲ್ಲ ಗಡಗಡ ಸದ್ದು. ಆ ಸದ್ದಿನ ಜೊತೆಗೇ ಕಾಕಾನ ಕೈ ಓಡುತ್ತಿತ್ತು, ರೈಲು ಹೋದ ಮೇಲೆ ನಿಲ್ಲುತ್ತಿತ್ತು. ಮೇಷ್ಟರು ಚಿತ್ರ ನೋಡಿ, "ಈ ಗೆರೆಯಲ್ಲಿ ಎಂಥ ತಹತಹ! ತಾಯ್ನಾಡು ಬಿಟ್ಟು ಬಂದವನ ಸಂಕಟ!" ಅಂತ ಇಡೀ ಕ್ಲಾಸಿಗೆ ತೋರಿಸಿದರಂತೆ. ಮುಂದೆ ಕಾಕಾ ರೈಲಿಲ್ಲದ ಬೀದಿಗೆ ಕೋಣೆ ಬದಲಾಯಿಸಿದರು. ಗೆರೆಗಳು ಮಲಗಿಬಿಟ್ಟವು. ಮೇಷ್ಟರು ಕರೆದು, "ಏನಪ್ಪಾ, ಊರಿನ ನೆನಪು ಕಡಿಮೆಯಾಯಿತೇ?" ಅಂತ ವಿಚಾರಿಸಿದರಂತೆ. ಕಾಕಾ ಏನು ಹೇಳಿಯಾರು? ಅವರ ಕೈ ಮೊದಲಿನಿಂದಲೂ ಹಾಗೆಯೇ. ಕಿವಿಗೆ ಬಿದ್ದದ್ದರ ಜೊತೆ ನಡೆಯುತ್ತದೆ.

ಆಮೇಲೆ ಊರಿಗೆ ಹೋಗಿ ಕಾಕುವನ್ನು ಮದುವೆಯಾಗಿ ಕರೆತಂದರು. ಕಾಕು ಬಂದ ದಿನ ಕಾಕಾ ಬಹಳ ಹುರುಪಿನಿಂದ ತಮ್ಮ ದೊಡ್ಡ ಚಿತ್ರವನ್ನು ತೋರಿಸಿದರು. ಆ ಸಂಭಾಷಣೆಯನ್ನು ಕಾಕುವೇ ನನಗೆ ಎಷ್ಟೋ ಸಲ ಹೇಳಿ ನಕ್ಕಿದ್ದಾರೆ.

"ಇದು ಏನ್ರಿ?"

"ಏನೂ ಅಲ್ಲ."

"ಏನೂ ಅಲ್ಲದ್ದಕ್ಕ ಇಷ್ಟ್ಯಾಕ ಒದ್ದಾಡತೀರಿ?"

ಶಿಕಾಗೋದ ಯಾವ ವಿಮರ್ಶಕನೂ ಇಷ್ಟು ನೇರವಾದ ಪ್ರಶ್ನೆ ಕೇಳಿರಲಿಕ್ಕಿಲ್ಲ! ಮುಂದಿನ ನಲವತ್ತು ಚಿಲ್ಲರೆ ವರ್ಷ ಅವರ ಸಂಸಾರದಲ್ಲಿ ಚಿತ್ರಕಲೆಯ ಬಗ್ಗೆ ಚರ್ಚೆ ನಡೆಯಲಿಲ್ಲ.

ಮೂಗಿಲ್ಲದ ಚಿತ್ರಗಳಿಂದ ಹೊಟ್ಟೆ ತುಂಬುವುದಿಲ್ಲವಲ್ಲ. ಡೆಟ್ರಾಯಿಟ್ ಕಡೆ ಕಾರಿನ ಬಣ್ಣ ತಯಾರಿಸುವ ಒಂದು ಲ್ಯಾಬಿನಲ್ಲಿ ಕಾಕಾಗೆ ಕೆಲಸ ಸಿಕ್ಕಿತು. ಪ್ಲಿಮತ್‌ನಲ್ಲಿ ಮನೆ ಮಾಡಿದರು. ಅಲ್ಲಿ ಅವರ ಕೆಲಸ ಬಣ್ಣ ಹೊಂದಿಸುವುದು. ಅಮೆರಿಕದವರು ಕಾರಿಗೆ ಬಯಸುವುದು ಬೂದು, ಇನ್ನೊಂದು ಬೂದು, ಸ್ವಲ್ಪ ಮಳೆ ಬಂದಂಥ ಬೂದು. "ಹಗಲೆಲ್ಲಾ ಬೂದಿ ಕಲಸ್ತೇನಿ, ಸಂಜೀಕ ಬಂದು ಬಣ್ಣದಾಗ ಕೈ ತೊಳೀತೇನಿ" ಅನ್ನುತ್ತಿದ್ದರು. ನಮ್ಮ ಕನ್ನಡದ ಜನಕ್ಕೋ ಇಲ್ಲಿ ಗೊತ್ತಿರುವ ಜಾತಿ ಎರಡೇ, ಇಂಜಿನಿಯರು ಮತ್ತು ಡಾಕ್ಟರು. ಚಿತ್ರಕಾರರು ಅಂತ ಪರಿಚಯಿಸಿದರೆ, "ಅದು ಸರಿ, ಕೆಲಸಕ್ಕೆ ಏನು ಮಾಡ್ತಾರೆ?" ಅಂತ ಕೇಳುವವರೇ ಎಲ್ಲ. ಹೀಗಾಗಿ ಕಾಕಾ ಪೇಂಟ್ ಇಂಜಿನಿಯರ್ ಆದರು.

ಇದರಿಂದ ಒಂದು ಅನಾಹುತವೂ ಆಯಿತು. ಕ್ಯಾಂಟನ್ನಿನ ಒಬ್ಬರು, "ಅಂಕಲ್, ನೀವು ಪೇಂಟ್ ಫೀಲ್ಡ್‌ನಲ್ಲಿದ್ದೀರಂತೆ, ನಮ್ಮ ಡೆಕ್ ಒಂಚೂರು ನೋಡ್ತೀರಾ?" ಅಂದರು. ಕಾಕಾ ಬೆಳಿಗ್ಗೆ ಹೋಗಿ ನೋಡಿದರು. ಎಷ್ಟು ಚೆನ್ನಾಗಿ ನೋಡಿದರು ಅಂದರೆ, ಮನೆಯವರು ಶಾಪಿಂಗ್ ಮುಗಿಸಿ ಬರುವಷ್ಟರಲ್ಲಿ ಮನೆಯ ಹಿಂದಿನ ಆ ಇಡೀ ಮರದ ಡೆಕ್ ಮೇಲೆ ಕೆಂಪು, ಕಪ್ಪು, ಹಳದಿ ಬಣ್ಣಗಳು ಒಂದರ ಬೆನ್ನಿಗೊಂದು ಬಿದ್ದು ಹೊರಳಾಡುತ್ತಿದ್ದವು! ಸಬ್‌ಡಿವಿಷನ್ನಿನ ಅಸೋಸಿಯೇಷನ್ನಿನವರು, ಬಡಾವಣೆಯ ಬಣ್ಣಕ್ಕೆಲ್ಲ ಕಾನೂನು ಮಾಡುವವರು, ಓಡಿ ಬಂದರು. ನಾಲ್ಕೇ ದಿನದಲ್ಲಿ ಡೆಕ್ ಮತ್ತೆ ಕಂದು ಬಣ್ಣಕ್ಕೆ ತಿರುಗಿತು. ಅವರ ಬೇಲಿ ಉಳಿದದ್ದು ಮಾತ್ರ ಕಾಕುವಿನ ಪುಣ್ಯ. ಕಾಕಾ ಬೇಲಿಗೆ ಕೈ ಹಚ್ಚುವ ಹೊತ್ತಿಗೆ ಕಾಕು ಫೋನ್ ಮಾಡಿ, "ಊಟಕ್ಕ ಬರ್ರಿ" ಅಂದಿದ್ದರು.

ಕಾಕು ಅಂದರೆ ಹಾಗೆ. ಅವರ ಮನೆಯಲ್ಲಿ ಎರಡು ಕಾರಿನ ಗ್ಯಾರೇಜು ಕಾಕಾನ ಸ್ಟುಡಿಯೋ. ಎರಡೂ ಕಾರು ವರ್ಷವಿಡೀ ಹೊರಗೆ ಹಿಮದಲ್ಲಿ. ಗ್ಯಾರೇಜಿಗೂ ಅಡುಗೆಮನೆಗೂ ನಡುವೆ ಒಂದೇ ಬಾಗಿಲು. ಕಾಕು ದಿನಾ ಜೋಳದ ರೊಟ್ಟಿ ಬಡಿಯುವವರು. ರೊಟ್ಟಿ ಬೆಂಕಿಯ ಮೇಲೆ ಉಬ್ಬಿದ ಕೂಡಲೇ ಹಿಟ್ಟು ಸೀದು ಹೊಗೆ ಏಳುತ್ತದೆ, ಹೊಗೆ ಎದ್ದ ಕೂಡಲೇ ಇಲ್ಲಿನ ಸ್ಮೋಕ್ ಅಲಾರ್ಮ್ ಸಬ್‌ಡಿವಿಷನ್ನಿಗೆಲ್ಲ ಕೇಳುವಂತೆ ಬಾಯಿ ಬಡಿದುಕೊಳ್ಳುತ್ತದೆ. ಅದಕ್ಕೆ ಕಾಕು ಗ್ಯಾರೇಜಿನ ಬಾಗಿಲನ್ನು ಹಾರುಹೊಡೆದಿಟ್ಟೇ ರೊಟ್ಟಿಗೆ ಕೂರುತ್ತಿದ್ದರು. ಆಚೆ ಕಡೆ ನೆಲದ ಮೇಲೆ ಹಾಸಿದ ಕ್ಯಾನ್ವಾಸಿನ ಅಂಚಿನಲ್ಲಿ ಕಾಕಾ ಕುಕ್ಕರುಗಾಲಿನಲ್ಲಿ ಕೂತಿರುತ್ತಿದ್ದರು. ಈಚೆ ಪಟ ಪಟ ಪಟ, ಆಚೆ ಸರ್ ಸರ್ ಸರ್. ನಾವು ನೋವೈಯ ಅಪಾರ್ಟ್‌ಮೆಂಟಿನಲ್ಲಿದ್ದ ಕಾಲದಲ್ಲಿ ಶನಿವಾರ ಶನಿವಾರ ಅಲ್ಲಿಗೆ ಊಟಕ್ಕೆ ಹೋಗಿ ಇದನ್ನೆಲ್ಲ ಕಣ್ಣಾರೆ ಕಂಡಿದ್ದೇವೆ. ರೊಟ್ಟಿ ಮುಗಿದ ಮೇಲೆ ಕಾಕು ಬಾಗಿಲಿಗೆ ಬಂದು, ಕೈಗೆ ಮೆತ್ತಿದ ಹಿಟ್ಟನ್ನು ಉಜ್ಜಿಕೊಳ್ಳುತ್ತಾ ಹೇಳುತ್ತಿದ್ದ ಮಾತು ಒಂದೇ.

"ಸಾಕು, ಏಳ್ರಿ. ರೊಟ್ಟಿ ಆರತಾವು."

ಕಾಕಾ ಎದ್ದುಬಿಡುತ್ತಿದ್ದರು. ಯಾವ ಕಲಾವಿದ ಹೀಗೆ ಎದ್ದಾನು? ಒಂದು ದಿನ ನಾನೇ ಕಾಕುವನ್ನು ಕೇಳಿದೆ. "ಚಿತ್ರ ಮುಗಿದಿದೆ ಅಂತ ನಿಮಗೆ ಹೇಗೆ ಗೊತ್ತಾಗತ್ತೆ ಕಾಕು?"

"ನಾ ಏನ್ ಬಲ್ಲೆನವಾ ಅದನ್ನ? ನನ್ನ ರೊಟ್ಟಿ ಮುಗದಿರ್ತಾವು, ಕರೀತೇನಿ."

ಇನ್ನೊಂದು ರೂಢಿ. ಕಾಕುವಿಗೆ ಮನೆಗೆ ಹೊಸದಾಗಿ ಏನೇ ಬಂದರೂ ಅರಿಶಿನ-ಕುಂಕುಮ ಹಚ್ಚಲೇಬೇಕು. ಫ್ರಿಜ್ಜಿಗೆ ಹಚ್ಚಿದರು, ಮೈಕ್ರೋವೇವ್‌ಗೆ ಹಚ್ಚಿದರು, ಹಿಮ ತಳ್ಳುವ ಸ್ನೋ ಬ್ಲೋವರ್‌ಗೆ ಹಚ್ಚಿ ನಿಂಬೆಹಣ್ಣನ್ನೂ ಕೊಯ್ದರು. ಕಾಕಾನ ಚಿತ್ರ ಒಣಗಿ ಗೋಡೆಗೆ ಒರಗಿತೋ, ಅದೂ ಮನೆಗೆ ಬಂದ ಹೊಸ ವಸ್ತುವೇ ತಾನೇ! ಮುಂದುಗಡೆ ಹಚ್ಚಿದರೆ ಯಜಮಾನರು ಸಿಟ್ಟಾಗುತ್ತಾರೆ ಅಂತ ಹಿಂದುಗಡೆ, ಕ್ಯಾನ್ವಾಸಿನ ಅಂಚಿಗೆ, ಹಳದಿಯ ಒಂದು ಗೆರೆ, ಕೆಂಪಿನ ಒಂದು ಬೊಟ್ಟು.

ಕೆಲವು ವರ್ಷದ ಹಿಂದೆ ಕಾಕು ಹೋದರು. ಹೆಚ್ಚು ದಿನ ಮಲಗಲಿಲ್ಲ, ಯಾರಿಗೂ ತೊಂದರೆ ಕೊಡಲಿಲ್ಲ. ನಮ್ಮ ಗೃಹಪ್ರವೇಶ ಆದದ್ದು ಅದರ ಮರುವರ್ಷ. ಕಾಕಾ ಅಳುತ್ತಾ ಕೂರಲಿಲ್ಲ, ಮೊದಲಿನಂತೆಯೇ ಗ್ಯಾರೇಜಿಗೆ ಹೋಗುತ್ತಿದ್ದರು. ನಾವೂ, ಪರವಾಗಿಲ್ಲ, ಗಟ್ಟಿ ಇದ್ದಾರೆ ಅಂದುಕೊಂಡೆವು. ಅವರು ಜೇಬಿನಲ್ಲಿ ಬ್ರಷ್ ಇಟ್ಟುಕೊಂಡು ಊಟಕ್ಕೆ ಬರತೊಡಗಿದ್ದು ಆಗಲೇ. ನಾನು ಸಾರು, ಪಲ್ಯ ತಂದು ಫ್ರಿಜ್ಜಿನಲ್ಲಿಟ್ಟು ಬರುತ್ತಿದ್ದೆ. ಮನಸ್ಸಾದಾಗ ತಿನ್ನುತ್ತಿದ್ದರು, ಇಲ್ಲದಿದ್ದರೆ ಇಲ್ಲ.

ಈಗ ಗ್ಯಾಲರಿಯಮ್ಮನ ಪ್ರವೇಶ. ಶಿಕಾಗೋದ ಒಂದು ಹಳೇ ಗೋದಾಮಿನಲ್ಲಿ ಆಕೆಯ ಗ್ಯಾಲರಿ. ಕಾಕಾನ ಜೊತೆ ಓದಿದ ಒಬ್ಬರು ತೀರಿಕೊಂಡು, ಅವರ ಮನೆಯ ಸಾಮಾನು ಮಾರುವಾಗ ಕಾಕಾನ ಹಳೆಯ ಚಿತ್ರವೊಂದು ಆಕೆಯ ಕಣ್ಣಿಗೆ ಬಿತ್ತು. ಹುಡುಕಿಕೊಂಡು ಪ್ಲಿಮತ್ತಿಗೇ ಬಂದರು. ಬೇಸ್‌ಮೆಂಟಿನಲ್ಲಿ ಒರಗಿಸಿಟ್ಟಿದ್ದ ಚಿತ್ರಗಳನ್ನು ಒಂದೊಂದಾಗಿ ತಿರುಗಿಸಿ ನೋಡಿ, ಕೊನೆಗೆ ಕೇಳಿದರು. "ಇವುಗಳ ಮೇಲೆ ಎಲ್ಲೂ ಸಹಿ ಇಲ್ಲ. ಆದರೆ ಹಿಂದುಗಡೆ ಎಲ್ಲದಕ್ಕೂ ಕೆಂಪು ಚುಕ್ಕಿ, ಹಳದಿ ಗೆರೆ ಇದೆ. ಇದೇ ನಿಮ್ಮ ಸಹಿಯಾ?"

ನಾನೂ ಯಜಮಾನರೂ ಮುಖ ಮುಖ ನೋಡಿಕೊಂಡೆವು. ಕಾಕಾ "ಯೆಸ್" ಅಂದರು. ಆಕೆ ಗಂಭೀರವಾಗಿ, ‘ಹಿಂಬದಿಯಲ್ಲಿ ಸಹಿ’ ಅಂತ ಬರೆದುಕೊಂಡರು.

ಕಾಕಾನ ಚಿತ್ರಗಳು ಈ ವರ್ಷಗಳಲ್ಲಿ ಲೈಬ್ರರಿಯಲ್ಲಿ ತೂಗಿವೆ, ಆಸ್ಪತ್ರೆಯ ಕಾರಿಡಾರಿನಲ್ಲಿ ತೂಗಿವೆ, ಹತ್ತು ಜನರ ಜೊತೆ ಹನ್ನೊಂದನೆಯವರಾಗಿ ತೂಗಿವೆ. ಅವರೊಬ್ಬರದೇ ಪ್ರದರ್ಶನ ಅಂತ ಒಂದೂ ಆಗಿರಲಿಲ್ಲ. ಗ್ಯಾಲರಿಯಮ್ಮ ಮಾಡುತ್ತೇನೆ ಅಂದರು. ಒಂದೇ ಷರತ್ತು. ಬಾಗಿಲಿನ ಎದುರು ಗೋಡೆಗೆ ಹೊಸದೊಂದು ದೊಡ್ಡ ಚಿತ್ರ ಬೇಕು. "ನಾನು ತೋರಿಸಬೇಕಾಗಿರುವುದು ಈಗಲೂ ಬರೆಯುತ್ತಿರುವ ಮನುಷ್ಯನನ್ನು. ಒಂದು ಸಾಕು, ಆದರೆ ಮುಗಿದಿರಬೇಕು."

ಅಲ್ಲೇ ನೋಡಿ ಎಡವಟ್ಟಾದದ್ದು!

ಗ್ಯಾರೇಜಿನಲ್ಲಿ ಆ ದೊಡ್ಡ ಕ್ಯಾನ್ವಾಸ್ ನೆಲ ಹಿಡಿದು ಮಲಗಿತ್ತು. ಹೋದ ವಾರ ಹಳದಿ, ಈ ವಾರ ನೇರಳೆ, ಬರುವ ವಾರ ಎರಡನ್ನೂ ಕೆರೆದು ಬಿಳಿ. ನಾನು ಕಂಡಂತೆ ಅದು ನಾಲ್ಕು ಸಲ ಬಹಳ ಚೆನ್ನಾಗಿತ್ತು. "ಸಾಕು ಬಿಡಿ ಕಾಕಾ, ಚೆನ್ನಾಗಿದೆ" ಅಂದರೆ, "ಚೆಂದ ಐತಿ ಅಂದ್ರ ಮುಗದೈತಿ ಅಂತೇನು?" ಅಂತ ನನಗೇ ತಿರುಗುಬಾಣ. ಗ್ಯಾಲರಿಯಮ್ಮ ಪ್ರದರ್ಶನವನ್ನು ಎರಡು ಸಲ ಮುಂದೂಡಿದರು. ಮೂರನೇ ಸಲ ಫೋನಿನಲ್ಲಿ ನನಗೇ ಹೇಳಿದರು. "ಶನಿವಾರ ಎರಡು ಗಂಟೆಗೆ ವ್ಯಾನ್ ಬರುತ್ತೆ. ಆ ಚಿತ್ರ ಬರದಿದ್ದರೆ ಗೋಡೆಯನ್ನು ಬೇರೆಯವರಿಗೆ ಕೊಡಬೇಕಾಗುತ್ತೆ. ದಯವಿಟ್ಟು ಬೇಸರ ಮಾಡ್ಕೋಬೇಡಿ." ಎಪ್ಪತ್ತೆಂಟು ದಾಟಿದವರಿಗೆ ನಾಲ್ಕನೇ ಅವಕಾಶ ಎಲ್ಲಿಂದ ಬರಬೇಕು ಹೇಳಿ?

ನಮ್ಮ ಯಜಮಾನರು ಕಾರಿನ ಬಿಡಿಭಾಗಗಳ ಕಂಪನಿಯಲ್ಲಿ ಇಂಜಿನಿಯರು. ಅವರ ಆಫೀಸಿನಲ್ಲಿ ಒಂದು ದಿನ ಗೊತ್ತು ಮಾಡಿ ಡಿಸೈನ್ ಫ್ರೀಜ್ ಅನ್ನುತ್ತಾರೆ. ಆ ದಿನದ ನಂತರ ಬ್ರಹ್ಮ ಬಂದರೂ ಏನನ್ನೂ ಬದಲಾಯಿಸುವ ಹಾಗಿಲ್ಲ. ಇವರು ಹೋಗಿ ಕ್ಯಾನ್ವಾಸಿನ ನಾಲ್ಕೂ ಅಂಚಿಗೆ ಹಳದಿ ಟೇಪು ಅಂಟಿಸಿ, "ಕಾಕಾ, ಇದು ಫ್ರೀಜ್ ಆಗೈತಿ. ಇನ್ನ ಮುಟ್ಟಂಗಿಲ್ಲ" ಅಂದು ಬಂದರು. ಮರುದಿನ ಹೋಗಿ ನೋಡಿದರೆ ಟೇಪಿನ ಮೇಲೂ ಬಣ್ಣ! "ಹಳದಿ ಗೆರಿ ಚಲೋ ಕೊಟ್ಟಿ ನೋಡಪಾ" ಅಂತ ಇವರಿಗೇ ಶಾಭಾಸ್ ಬೇರೆ. ಬ್ರಷ್ಷುಗಳನ್ನೆಲ್ಲ ನಮ್ಮ ಕಾರಿನ ಡಿಕ್ಕಿಯಲ್ಲಿ ಹಾಕಿಕೊಂಡು ಬಂದೆವು. ಕಾಕಾ ತಮ್ಮ ಕಾರಿನಿಂದ ಗಾಜಿನ ಹಿಮ ಕೆರೆಯುವ ಪ್ಲಾಸ್ಟಿಕ್ಕಿನ ಕೆರೆಗೋಲು ತಂದು, ಅದರಿಂದಲೇ ಶುರು ಹಚ್ಚಿಕೊಂಡರು.

ಶನಿವಾರ ಬಂತು. ನಾವು ಬೆಳಿಗ್ಗೆಯೇ ಹೋದೆವು. ಯಜಮಾನರು ಬೇಸ್‌ಮೆಂಟಿನಲ್ಲಿ ಹಳೆಯ ಚಿತ್ರಗಳಿಗೆ ಹಾಳೆ ಸುತ್ತುತ್ತಿದ್ದರು. ಗ್ಯಾ‌ರೇಜಿನಲ್ಲಿ ಕಾಕಾ ನಡುವಿನ ದೊಡ್ಡ ಬಿಳಿಯನ್ನೆಲ್ಲ ಕೆರೆದು ಹಾಕಿದ್ದರು. ನನಗೆ ಎಲ್ಲಿತ್ತೋ ಸಿಟ್ಟು!

"ಕಾಕಾ, ವ್ಯಾನ್ ಬರತ್ತೆ ಇವತ್ತು! ಇದು ಹೋಗದಿದ್ರೆ ಶೋನೇ ಇಲ್ಲ. ಗೊತ್ತಲ್ವಾ ನಿಮಗೆ?"

"ಗೊತ್ತೈತವಾ." ತಲೆ ಎತ್ತಲಿಲ್ಲ. ಕೆರೆಯುತ್ತಲೇ ಹೇಳಿದರು. "ನನಗೂ ಮುಗಸಬೇಕಂತ ಆಸೆ ಐತಿ. ಎಲ್ಲಿ ನಿಲ್ಲಬೇಕಂತ ತಿಳೀವಲ್ದು. ಕೈ ನಿಂದ್ರವಲ್ದು."

ಅಡುಗೆಮನೆಗೆ ಹೋದೆ. ಶೋ ಹಾಳಾದರೆ ಹಾಳಾಗಲಿ, ಮಧ್ಯಾಹ್ನಕ್ಕೆ ಎಲ್ಲರೂ ಉಣ್ಣಲೇಬೇಕಲ್ಲ. ಫ್ರಿಜ್ಜಿನಲ್ಲಿ ಎರಡು ಬದನೆಕಾಯಿ ಬಿಟ್ಟರೆ ಏನೂ ಇಲ್ಲ. ಫ್ರೀಜರ್ ತೆಗೆದೆ. ಮೂಲೆಯಲ್ಲಿ, ಗಂಟು ಹಾಕಿದ ಪ್ಲಾಸ್ಟಿಕ್ ಚೀಲದಲ್ಲಿ ಜೋಳದ ಹಿಟ್ಟು ಸಿಕ್ಕಿತು. ಮೈಸೂರಿನವಳಿಗೆ ರೊಟ್ಟಿ ಬರುವುದಿಲ್ಲ ಅಂತ ಹದಿನೈದು ವರ್ಷದಿಂದ ಗಂಡನ ಮನೆಯವರೆಲ್ಲ ಆಡಿಕೊಳ್ಳುತ್ತಿದ್ದರು. ಆ ದಿನದ ಸಿಟ್ಟಿಗೆ ಅದೇ ಸರಿಯಾದ ಕೆಲಸ ಅನ್ನಿಸಿತು. ಬದನೆಕಾಯಿ ಪಲ್ಯಕ್ಕಿಟ್ಟು, ನೀರು ಕುದಿಸಿ ಹಿಟ್ಟಿಗೆ ಸುರಿದು, ಕಾಕು ಮಾಡುತ್ತಿದ್ದಂತೆಯೇ ನಾದಿ, ಕಲ್ಲಿನ ಮೇಲೆ ಇಟ್ಟು ಬಡಿಯತೊಡಗಿದೆ.

ನೋಡಲು ಎಷ್ಟು ಸುಲಭ! ಹಿಟ್ಟು ಹಳೆಯದು, ಜಿಗಿಯೇ ಇಲ್ಲ. ಮೊದಲನೆಯ ರೊಟ್ಟಿ ಮೂರು ತುಂಡಾಯಿತು. ಎರಡನೆಯದು ಮಿಶಿಗನ್ ನಕಾಶೆಯಾಯಿತು. ಮೂರನೆಯದು ಬೆಂಕಿಗೆ ಬೀಳುತ್ತಲೇ ಹೊಗೆ ಎದ್ದು ಅಲಾರ್ಮ್ ಕಿರುಚಿಕೊಂಡಿತು. ಓಡಿಹೋಗಿ ಗ್ಯಾರೇಜಿನ ಬಾಗಿಲನ್ನು ಹಾರುಹೊಡೆದು, ಅಲಾರ್ಮಿಗೆ ಟವೆಲ್ ಬೀಸಿ, ಮತ್ತೆ ಬಂದು ಬಡಿಯತೊಡಗಿದೆ. ಪಟ ಪಟ, ನಿಲ್ಲು, ತಿರುಗಿಸು, ಪಟ ಪಟ ಪಟ. ಹಿಟ್ಟು ನನ್ನ ಮಾತು ಕೇಳುವುದಿಲ್ಲ, ನಾನು ಬಿಡುವುದಿಲ್ಲ.

ಎಷ್ಟು ಹೊತ್ತಾದ ಮೇಲೋ ಕಿವಿಗೆ ಬಿತ್ತು. ಕೆರೆಯುವ ಸದ್ದು ನಿಂತಿತ್ತು. ಅದರ ಜಾಗದಲ್ಲಿ ಸರ್ ಸರ್ ಸರ್. ನನ್ನ ಕೈ ನಿಂತರೆ ಅದೂ ನಿಲ್ಲುತ್ತಿತ್ತು. ನಾನು ಬಡಿದರೆ ಅದೂ ಹೊರಡುತ್ತಿತ್ತು. ಬಾಗಿಲಿಗೆ ಹೋಗಿ ಇಣುಕುವ ಧೈರ್ಯವಾಗಲಿಲ್ಲ. ರೊಟ್ಟಿ ಹರಿಯಲಿ, ಸೀಯಲಿ, ಬಡಿಯುತ್ತಲೇ ಇದ್ದೆ. ಬೇಸ್‌ಮೆಂಟಿನಿಂದ ಮೇಲೆ ಬಂದ ಯಜಮಾನರು ನನ್ನನ್ನು ನೋಡಿ ಬಾಯಿ ತೆರೆದರು. ಸುಮ್ಮನಿರಿ ಅಂತ ಕಣ್ಣಲ್ಲೇ ಗದರಿದೆ. ಕೊನೆಯ ಉಂಡೆ ಬಡಿದೆ. ಕೊನೆಯ ರೊಟ್ಟಿ ಬೇಯಿಸಿದೆ. ಆಮೇಲೆ ಬಡಿಯಲು ಏನೂ ಉಳಿಯಲಿಲ್ಲ. ಗ್ಯಾರೇಜಿನಲ್ಲೂ ಸದ್ದಿಲ್ಲ.

ಕಾಕಾ ಬಾಗಿಲಿಗೆ ಬಂದು ನಿಂತರು. ಬ್ರಷ್ ಇಲ್ಲದೆ ಅಂಗೈಯಿಂದಲೇ ಬಳಿದಿದ್ದರು, ಕೈತುಂಬಾ ಬಿಳಿ ಬಣ್ಣ. ನನ್ನ ಕೈತುಂಬಾ ಹಿಟ್ಟು.

"ಯಾವ ಹಿಟ್ಟವಾ ಇದು?"

"ಫ್ರೀಜರ್‌ನಲ್ಲಿತ್ತು ಕಾಕಾ."

ಅವರು ಖಾಲಿ ಚೀಲವನ್ನು ನೋಡಿದರು. "ಆಕಿ ಊರಾಗ ಬೀಸಿಸಿಕೊಂಡು ಬಂದಿದ್ದು. ಎಲ್ಲಾ ಮುಗೀತೇನು?"

"ಎಲ್ಲಾ ಮುಗೀತು ಕಾಕಾ."

"ಹಂಗಾರ ನಂದೂ ಮುಗೀತು" ಅಂದರು.

ಕೈ ತೊಳೆದು ಬಂದು ಕೂತರು. ಮಿಶಿಗನ್ ನಕಾಶೆಯನ್ನು ಎತ್ತಿ ಬೆಳಕಿಗೆ ಹಿಡಿದು, "ಒಂದೂ ದುಂಡಗಿಲ್ಲ" ಅಂದರು. ಬದನೆಕಾಯಿ ಪಲ್ಯ ಹಚ್ಚಿಕೊಂಡು ಒಂದನ್ನೂ ಬಿಡದೆ ಉಂಡರು. ಅವರು ಹಾಗೆ ಹೊತ್ತಿಗೆ ಸರಿಯಾಗಿ ಕೂತು ಉಂಡದ್ದನ್ನು ನಾವು ನೋಡಿ ಎಷ್ಟೋ ಕಾಲವಾಗಿತ್ತು. ಉಣ್ಣುತ್ತಾ ಉಣ್ಣುತ್ತಾ, ಯಾರ ಮುಖವನ್ನೂ ನೋಡದೆ, "ಆಕಿ ಹ್ವಾದ ಮ್ಯಾಲ ಈ ಮನ್ಯಾಗ ಯಾವುದೂ ಮುಗೀತಿದ್ದಿಲ್ಲ" ಅಂದರು. ಡಾಕ್ಟರ ಊಟದ ಕೋಣೆಯ ಹಳೆಯ ಚಿತ್ರವನ್ನು ಅವರು ಯಾಕೆ ಮುಟ್ಟಲಿಲ್ಲ ಅಂತ ನನಗೆ ಆಗ ಹೊಳೆಯಿತು. ನಮ್ಮ ಯಜಮಾನರು ಎದ್ದು ಕಿಟಕಿಯ ಹತ್ತಿರ ಹೋಗಿ ವ್ಯಾನ್ ಬಂತೇ ಅಂತ ನೋಡಿದರು. ವ್ಯಾನ್ ಬರುವುದಕ್ಕೆ ಇನ್ನೂ ಒಂದು ಗಂಟೆ ಇತ್ತು.

ಊಟವಾದ ಮೇಲೆ ಕಾಕಾ ದೇವರ ಗೂಡಿನಿಂದ ಅರಿಶಿನ-ಕುಂಕುಮದ ಬಟ್ಟಲು ತಂದು ನನ್ನ ಮುಂದೆ ಹಿಡಿದರು. "ಹಿಂದಿನ ಕಡಿ ಹಚ್ಚು. ಆ ಗ್ಯಾಲರಿಯಾಕಿಗೆ ಸಹಿ ಬೇಕಂತಲ್ಲ." ಹಸಿ ಬಣ್ಣದ ಚಿತ್ರವನ್ನು ಯಜಮಾನರೂ ವ್ಯಾನಿನ ಡ್ರೈವರೂ ಎರಡು ಕಡೆ ಎತ್ತಿ ಹಿಡಿದಾಗ, ನಾನು ಹಿಂದೆ ಹೋಗಿ ಹಳದಿಯ ಒಂದು ಗೆರೆ ಎಳೆದು ಕೆಂಪು ಬೊಟ್ಟು ಇಟ್ಟೆ. ಬೊಟ್ಟು ಸ್ವಲ್ಪ ಓರೆಯಾಯಿತು.

ಪ್ರದರ್ಶನದ ದಿನ ಮೂವರೂ ಶಿಕಾಗೋಗೆ ಡ್ರೈವ್ ಮಾಡಿಕೊಂಡು ಹೋದೆವು. ಕಾಕಾ ಕೋಟು ಹಾಕಿದ್ದರು. ಗ್ಯಾಲರಿಯ ಮೆಟ್ಟಿಲ ಮೇಲೆ ನಾನು ಅವರ ಜೇಬಿನ ಕಡೆ ಕಳ್ಳನೋಟ ಬೀರಿದೆ. "ಬ್ರಷ್ ಇಲ್ಲವಾ, ಹುಡುಕಬ್ಯಾಡ" ಅಂದರು. ಬಾಗಿಲಿನ ಎದುರು ಗೋಡೆಯಲ್ಲಿ ಅದೇ ದೊಡ್ಡ ಚಿತ್ರ. ಬಿಳಿಯ ಮೇಲೆ ಬಿಳಿ, ಅಡಿಯಿಂದ ಇಣುಕುವ ಹಳದಿ, ಗಿಡ್ಡ ಗಿಡ್ಡ ಗೆರೆಗಳು ಒಂದು ಕಡೆ ತಡವರಿಸಿ, ನಿಂತು, ಮತ್ತೆ ಹೊರಟ ಹಾಗೆ. ಎಲ್ಲೆಲ್ಲಿ ತಡವರಿಸಿದೆಯೋ ಅಲ್ಲೆಲ್ಲ ನನ್ನ ರೊಟ್ಟಿ ಹರಿದಿತ್ತು ಅನ್ನುವುದು ಆ ಜನಕ್ಕೇನು ಗೊತ್ತು!

ಒಬ್ಬ ಹುಡುಗಿ ಬಂದು ಕಾಕಾನನ್ನು ಇಂಗ್ಲಿಷಿನಲ್ಲಿ ಕೇಳಿದಳು. "ಒಂದು ಚಿತ್ರ ಮುಗಿಯಿತು ಅಂತ ನಿಮಗೆ ಹೇಗೆ ತಿಳಿಯುತ್ತದೆ?"

ಕಾಕಾ ನಿಧಾನವಾಗಿ ಹೇಳಿದರು. "ನನ್ನ ಹೆಂಡತಿ ಊಟಕ್ಕೆ ಕರೆಯುತ್ತಾಳೆ."

ಸುತ್ತ ನಿಂತವರೆಲ್ಲ ಜೋರಾಗಿ ನಕ್ಕರು. ಕಾಕಾನೂ ಮರ್ಯಾದೆಗೆ ಸ್ವಲ್ಪ ನಕ್ಕರು. ಜನ ಆಚೆ ಸರಿದ ಮೇಲೆ ಚಿತ್ರದ ಹತ್ತಿರ ಹೋದರು. ಅವರ ಕೈ ಮೇಲೇಳುವುದನ್ನು ಕಂಡು ನಾನು, ಅಯ್ಯೋ ದೇವರೇ, ಇಲ್ಲೂ ಶುರು ಮಾಡಿದರಲ್ಲಾ ಅಂತ ಓಡಿದೆ. ಕಾಕಾ ಚಿತ್ರವನ್ನು ಮುಟ್ಟಲಿಲ್ಲ. ಗೋಡೆಗೂ ಕ್ಯಾನ್ವಾಸಿಗೂ ನಡುವಿನ ಸಂದಿಯಲ್ಲಿ ಎರಡು ಬೆರಳು ತೂರಿಸಿ, ಹಿಂಬದಿಯಲ್ಲಿ ತಡಕಾಡಿ, ಈಚೆ ತೆಗೆದರು. ಬೆರಳ ತುದಿ ಕೆಂಪಾಗಿತ್ತು.

"ಐತಿ" ಅಂದರು, ನನಗಲ್ಲ, ತಮಗೇ ಹೇಳಿಕೊಂಡಂತೆ. ಆಮೇಲೆ ಆ ಬೆರಳನ್ನು ಒರೆಸಿಕೊಳ್ಳದೆ ಹಾಗೇ ಮಡಚಿ ಹಿಡಿದುಕೊಂಡು, ನಮ್ಮ ಕಡೆ ತಿರುಗಿದರು.

"ಸಾಕು. ನಡೀರಿ, ಊಟಕ್ಕ ಹೋಗೂಣು."